ಜೋಡಿಗಿಳಿ ಛಾಪಿನ ಒಂದು ಪ್ಲೇಟು

ನನ್ನ ಕಪಾಟಿನಲ್ಲಿರುವ ಒಂದು ಪುಸ್ತಕದಲ್ಲಿ ಒಂದೇ ಒಂದು ವಾಕ್ಯದ ಕೆಳಗೆ ಪೆನ್ಸಿಲಿನ ಗೆರೆಯಿದೆ. ನಮ್ಮ ಸೀಮೆಯ ನಾಟಕದ ಹಾಡುಗಳು ಗ್ರಾಮೋಫೋನ್ ಪ್ಲೇಟುಗಳಾದ ಬಗೆಯನ್ನು ಕುರಿತು ಬಾದಾಮಿಯ ನಿವೃತ್ತ ಮಾಸ್ತರರೊಬ್ಬರು ಬರೆದ ಪುಸ್ತಕ ಅದು. ಆ ವಾಕ್ಯದ ಸಾರ ಇಷ್ಟು: ಇಲ್ಲಿಯ ವ್ಯಾಪಾರಸ್ಥರು ತಮ್ಮದೇ ಛಾಪು ಹಾಕಿಸಿ ಹೊರತಂದ ಪ್ಲೇಟುಗಳಲ್ಲಿ ಹೆಣ್ಣುಮಕ್ಕಳು ಹಾಡಿಲ್ಲ, ಹೆಣ್ಣುದನಿಯಂತೆ ಕೇಳುವುದೆಲ್ಲ ಸ್ತ್ರೀಪಾತ್ರ ಮಾಡುತ್ತಿದ್ದ ಗಂಡಸರದು.

'ಎಲ್ಲ' ಎಂಬ ಪದ ಬಂದಲ್ಲಿ ನಾನು ನಿಲ್ಲುತ್ತೇನೆ. ಇದು ಒಳ್ಳೆಯ ಗುಣವೋ ಕೆಟ್ಟ ಗುಣವೋ ಈ ವಯಸ್ಸಿನಲ್ಲಿ ವಿಚಾರಿಸಿ ಫಲವಿಲ್ಲ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು, ಹುನಗುಂದದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಆಯುಷ್ಯ ಕಳೆದವನು ನಾನು. ಓದಿದ್ದು ಸಾರ್ವಜನಿಕ ವಾಚನಾಲಯದಲ್ಲಿ. ತಿದ್ದುವ ಗುರು ಇರಲಿಲ್ಲ. ಗುರುವಿನಿಂದ ಕಲಿತವರಿಗೆ ವಿದ್ಯೆಯ ಜೊತೆಗೇ ನಂಬಿಕೆಯೂ ಬರುತ್ತದೆ. ಒಂಟಿಯಾಗಿ ಕಲಿತವನು ಪ್ರತಿಯೊಂದನ್ನೂ ತಾನೇ ಮುಟ್ಟಿ, ತಟ್ಟಿ ನೋಡಬೇಕಾಗುತ್ತದೆ.

ಹಾಗೆ ಮುಟ್ಟಿ ನೋಡುವ ಚಟದಿಂದಲೇ ಅರಗಿನ ಪ್ಲೇಟುಗಳು ನನ್ನ ಮನೆ ಸೇರಿದವು. ದೊಡ್ಡ ಕಂಪನಿಗಳ ಪ್ಲೇಟುಗಳ ಮೇಲೆ ನನಗೆ ಮೋಹವಿಲ್ಲ. ಅವುಗಳ ಚರಿತ್ರೆ ಬರೆಯಲು ಜನರಿದ್ದಾರೆ. ನನ್ನನ್ನು ಹಿಡಿದದ್ದು ಸಣ್ಣ ಛಾಪುಗಳು. ಸೀರೆಯ ವ್ಯಾಪಾರಿ, ಎಣ್ಣೆಯ ವ್ಯಾಪಾರಿ, ನಾಟಕ ಮಂಡಳಿಯ ಮಾಲೀಕ, ಇಂಥವರು ಹಾಡುಗಾರರನ್ನು ಮುಂಬಯಿಗೆ ಕರೆದೊಯ್ದು, ಅಲ್ಲಿ ಹಾಡಿಸಿ, ಯಾವುದೋ ಕಾರ್ಖಾನೆಯಲ್ಲಿ ಒತ್ತಿಸಿ, ನಡುವೆ ತಮ್ಮ ಚಿತ್ರದ ಚೀಟಿ ಕೂಡಿಸಿ ಮಾರಿದ ಪ್ಲೇಟುಗಳು. ಒಂದು ಕಂತು ಹೊರಬಂದು, ಮುಗಿದು, ಮರೆಯಾದವು. ಅವುಗಳಲ್ಲಿ ಒಂದು ಇಳಕಲ್ಲಿನ ಸೀರೆಯ ವ್ಯಾಪಾರಿಯೊಬ್ಬರದು. ಎದುರುಬದುರಾಗಿ ಕೂತ ಎರಡು ಗಿಳಿಗಳು ಅದರ ಗುರುತು. ಆ ಜೋಡಿಗಿಳಿ ಛಾಪಿನ ಪ್ಲೇಟನ್ನು ನಾನು ಕಂಡಿರಲಿಲ್ಲ. ಪುಸ್ತಕದ ಆ ವಾಕ್ಯಕ್ಕೆ ಮಾಸ್ತರರು ಕೊಟ್ಟ ಮುಖ್ಯ ಆಧಾರವೂ ಅದೇ ಪ್ಲೇಟು.

ನನ್ನ ಚಟದ ಸುದ್ದಿ ಹೇಗೋ ಇಳಕಲ್ಲಿಗೆ ಮುಟ್ಟಿತ್ತು. ಅಲ್ಲಿಯ ಒಬ್ಬ ವೃದ್ಧೆ ನನ್ನನ್ನು ಕರೆಸಿದರು. ಎಂಬತ್ತೈದು ದಾಟಿದವರು, ನನಗಿಂತ ಹಿರಿಯರಾದ್ದರಿಂದ ಅಕ್ಕಾರ ಎಂದೇ ಮಾತಾಡಿಸಿದೆ. ಮಗಳ ಮನೆ, ಮುಂದಿನ ಪಡಸಾಲೆಯಲ್ಲಿ ಸೀರೆಗಳ ಗಂಟು, ಒಳಗೆ ಅವರ ಮಂಚ. ನಾನು ಕೂಡುವ ಮೊದಲೇ ಅವರು ಮಾತಿಗೆ ತೊಡಗಿದರು.

“ಬಲಗಡೆ ಬಂದು ಕುಂಡ್ರಿ. ಎಡಗಿವಿ ಹ್ವಾದ ವರ್ಷ ಹೋತು. ಇದೊಂದು ಉಳದೈತಿ, ಇದೂ ಚೀಲಾ ಕಟ್ಟಾಕ ಹತ್ತೈತಿ.”

“ದವಾಖಾನ್ಯಾಗ ತೋರಿಸಿದ್ರಿ ಅಕ್ಕಾರ?”

“ತೋರಿಸೇವಿ. ಮಿಷಿನ್ ಹಾಕ್ಕೋ ಅಂತಾರ. ಹಾಕ್ಕೊಂಡ ದಿನಾ ಮೊಮ್ಮಕ್ಕಳು ಬೈಯ್ಯೂದು ಕೇಳಿಸ್ತು, ತಗದಿಟ್ಟೆ.”

ನಕ್ಕರು. ಆಮೇಲೆ ಕರೆಸಿದ ಕಾರಣ ಹೇಳಿದರು. ಅವರು ಕೈಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು. ತಾಯಿಯ ಫೋಟೋ ಇಲ್ಲ, ಒಂದು ಬಳೆಯೂ ಉಳಿದಿಲ್ಲ. ಸಾಕಿದ್ದು ಸ್ವಾದರಮಾವ, ಅಂದರೆ ತಾಯಿಯ ಅಣ್ಣ. ಅವರ ಮಗನಿಗೇ ಇವರನ್ನು ತಂದುಕೊಂಡರು. ಹೀಗೆ ಮಾವನಾಗಿದ್ದವರೇ ಗಂಡನ ತಂದೆಯೂ ಆದರು. ಹುಡುಗಿಯಾಗಿದ್ದಾಗ ಓಣಿಯ ಮುದುಕಿಯೊಬ್ಬಳು ಇವರ ಗದ್ದ ಹಿಡಿದು, ನಿಮ್ಮವ್ವ ಪ್ಲೇಟಿನ್ಯಾಗ ಹಾಡ್ಯಾಳ, ಗಿಳಿ ಚಿತ್ರದ ಪ್ಲೇಟಿನ್ಯಾಗ, ಎಂದಿದ್ದಳಂತೆ.

“ಓಡಿ ಹೋಗಿ ಮಾವಾರನ್ನ ಕೇಳಿದೆ. ಯಾರ ಹೇಳಿದ್ರು, ನಿಮ್ಮವ್ವ ಹಾಡಾಕಿ ಅಲ್ಲ, ಅಂದ್ರು. ಎದ್ದು ಹೋದ್ರು. ಮುಂದ ಅವರಿರೂ ಮಟಾ ಕೇಳಲಿಲ್ಲ ನಾ. ಖರೆ ಏನು, ಸುಳ್ಳ ಏನು, ನೀವು ಹುಡುಕಿ ಹೇಳ್ರಿ. ಅಕಿ ಹಾಡಿದ್ದು ಖರೆ ಇದ್ರ, ಈ ಕಿವಿ ಹೋಗೂದ್ರಾಗ ಒಮ್ಮೆ ಕೇಳಬೇಕು. ಅಷ್ಟ.”

ನಾನು ಮಾತು ಕೊಡಲಿಲ್ಲ. ಮುದುಕಿಯ ಮಾತೂ ಒಂದು ಕೇಳಿಕೆಯೇ; ಪುಸ್ತಕದ ವಾಕ್ಯವನ್ನು ಸಂಶಯಿಸುವವನು ಅದನ್ನೂ ಸಂಶಯಿಸಬೇಕು.

ಬಾದಾಮಿಗೆ ಹೋದೆ. ಮಾಸ್ತರರಿಗೂ ನನಗೂ ಬಹು ವರ್ಷಗಳ ಜಗಳದ ಸ್ನೇಹ. ಬಾಗಿಲಲ್ಲೇ ಶುರುವಾಯಿತು.

“ಏನ್ರಿ, ನನ್ನ ಪುಸ್ತಕ ಇನ್ನೂ ಮುಗಿಸಿಲ್ಲೇನು? ಇಷ್ಟ ವರ್ಷ ಆತು, ಒಂದ ವಾಕ್ಯದ ಮ್ಯಾಲೆ ಕುಂತೀರಿ.”

“ಸಿಹಿ ಇದ್ದಲ್ಲೆ ನೊಣ ಕುಂಡ್ರತೈತ್ರಿ, ಮಾಸ್ತರ.”

“ನೊಣ ಅಂತ ನೀವ ಅಂದ್ರಿ ನೋಡ್ರಿ, ನಾ ಅನ್ನಲಿಲ್ಲ.”

ಚಹಾ ಆದ ಮೇಲೆ ಅವರು ತಮ್ಮ ಆಧಾರವನ್ನು ತೆಗೆದರು. ಅವರಲ್ಲಿದ್ದದ್ದು ಪ್ಲೇಟಲ್ಲ, ಅದರ ಕ್ಯಾಸೆಟ್ಟು. ಬಹಳ ಹಿಂದೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಮ್ಮು ಬಾರಿಸುತ್ತಿದ್ದ ಒಬ್ಬ ಮುದಿ ಪೇಟಿ ಮಾಸ್ತರರ ಮನೆಯಲ್ಲಿ, ಚಾವಿ ಕೊಡುವ ಗ್ರಾಮೋಫೋನಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡದ್ದು. ಆ ಪ್ಲೇಟು ಮುಂದೆ ಒಡೆದುಹೋಯಿತಂತೆ. ಕೇಳಿದೆ. ಹಾರ್ಮೋನಿಯಮ್ಮು, ತಬಲಾ, ದಪ್ಪನಾದ, ನಿಧಾನದ ಒಂದು ದನಿ. ಗಂಡಸು ಮೃದುವಾಗಿ ಹಾಡಿದಂತಿತ್ತು. ಹಾಡು ಮುಗಿದ ಬಳಿಕ ಒಂದು ಗಂಡುಹೆಸರು ಕೇಳಿಸಿತು.

ಈ ಹೆಸರಿನ ಸಂಗತಿಯನ್ನು ಹೇಳಬೇಕು. ಹಳೆಯ ಪ್ಲೇಟುಗಳಲ್ಲಿ ಹಾಡು ಮುಗಿದ ಕೂಡಲೇ ಹಾಡಿದವರು ಗಟ್ಟಿಯಾಗಿ ತಮ್ಮ ಹೆಸರು ಹೇಳುವ ಪದ್ಧತಿಯಿತ್ತು. ಒತ್ತುವ ಕಾರ್ಖಾನೆ ದೂರದ್ದು, ಅಲ್ಲಿಯವರಿಗೆ ಹಾಡಿನ ಭಾಷೆ ತಿಳಿಯದು. ಯಾವ ಪ್ಲೇಟಿಗೆ ಯಾವ ಚೀಟಿ ಎಂಬುದಕ್ಕೆ ಆ ಹೆಸರೇ ಗುರುತಾಗಿತ್ತೆಂದು ಓದಿದ್ದೇನೆ. ದೊಡ್ಡ ಕಂಪನಿಗಳು ಈ ರೂಢಿಯನ್ನು ಬಿಟ್ಟ ಮೇಲೂ ಸಣ್ಣ ಛಾಪಿನವರು ಬಿಡಲಿಲ್ಲ. ಪ್ಲೇಟು ಹೀಗೆಯೇ ಮುಗಿಯಬೇಕೆಂದು ಅವರು ತಿಳಿದಿದ್ದಂತೆ ತೋರುತ್ತದೆ.

“ಹಾಡಿದಾಂವ ತನ್ನ ಹೆಸರು ತಾನ ಹೇಳ್ಯಾನ,” ಎಂದರು ಮಾಸ್ತರರು. “ಆ ಹೆಸರಿನ ಸ್ತ್ರೀಪಾರ್ಟಿನ ನಟ ಒಬ್ಬ ಇದ್ದ, ಆ ಕಾಲಕ್ಕ ಇದ್ದ, ಇಳಕಲ್ಲಿಗೂ ಬರ್ತಿದ್ದ. ಇನ್ನೇನು ಬೇಕ್ರಿ ನಿಮಗ? ಸ್ವತಃ ಬಂದು ಸಾಕ್ಷಿ ಹೇಳಬೇಕೇನು ಅಂವ?”

ಆ ಹೆಸರಿನ ಗಂಡಸರು ನಮ್ಮ ಕಡೆ ಓಣಿಗೊಬ್ಬರು ಸಿಗುತ್ತಾರೆ ಎಂದೆ. ಅದು ದುರ್ಬಲವಾದ ಉತ್ತರವೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಮರಳುವಾಗ ನನ್ನನ್ನು ಕಾಡಿದ್ದು ಹೆಸರಲ್ಲ, ಹಾರ್ಮೋನಿಯಮ್ಮು. ಕ್ಯಾಸೆಟ್ಟಿನಲ್ಲಿ ಅದರ ಉಸಿರು ಭಾರವಾಗಿತ್ತು, ಮುಪ್ಪಿನವರು ಮೆಟ್ಟಲು ಹತ್ತಿದಂತೆ.

ಅಕ್ಕಾರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿದೆ: ಟೇಪಿನಲ್ಲಿ ಇರುವುದು ಗಂಡುದನಿ, ಗಂಡುಹೆಸರು. “ಟೇಪ್ ನನಗ ಬ್ಯಾಡ್ರಿ. ಪ್ಲೇಟಿನ್ಯಾಗ ಹಾಡ್ಯಾಳ ಅಂದಿದ್ಳು ಆಕಿ. ಪ್ಲೇಟ ತರ್ರಿ,” ಎಂದರು.

ಒಡೆದದ್ದು ಒಂದು ಪ್ಲೇಟು. ಮಾರಿದವು ಒಂದೇ ಆಗಿರಲಾರವು. ಬಾಗಲಕೋಟೆಯಿಂದ ಹುಡುಕಾಟ ತೊಡಗಿದೆ. ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರಿನ ಓಣಿಗಳು ಖಾಲಿಯಾದಾಗ ಅಟ್ಟದ ಮೇಲಿನ ಎಷ್ಟೋ ಪೆಟ್ಟಿಗೆಗಳು ಗುಜರಿಗೆ ಹೋದವು. ಹೋಗದೆ ಉಳಿದವು ನವನಗರದ ಮನೆಗಳಲ್ಲಿ ಮಂಚದ ಕೆಳಗಿವೆ. ಮಂಚಗಳ ಕೆಳಗೆ ತಲೆ ಹಾಕಿ ನಾನು ಬಹಳ ಧೂಳು ಕುಡಿದೆ. ದೇವರನಾಮಗಳು ಸಿಕ್ಕವು, ಮರಾಠಿ ಲಾವಣಿಗಳು ಸಿಕ್ಕವು. ಗಿಳಿಗಳು ಸಿಗಲಿಲ್ಲ.

ಸಿಕ್ಕದ್ದು ಗುಳೇದಗುಡ್ಡದಲ್ಲಿ, ಪ್ಲೇಟು ಹುಡುಕದೆ ಇದ್ದ ದಿನ. ಮೊಮ್ಮಗಳ ಮದುವೆಗೆ ಕುಪ್ಪಸದ ಖಣ ತರಲೆಂದು ಹೋಗಿದ್ದೆ. ನೇಯುವವರ ಮನೆಯಲ್ಲೇ ಕೂತು ಆರಿಸುತ್ತಿರುವಾಗ ಮಗ್ಗದ ಮೇಲಿನ ಗೋಡೆಯಲ್ಲಿ, ದೇವರ ಪಟಗಳ ಸಾಲಿನ ಕೊನೆಗೆ, ಮೊಳೆಗೆ ತಗುಲಿಹಾಕಿದ ಕರಿ ತಟ್ಟೆಯೊಂದು ಕಂಡಿತು. ಅದರ ನಡುವಿನ ಕಾಗದದಲ್ಲಿ ಎರಡು ಹಕ್ಕಿಗಳು, ಎಣ್ಣೆಯ ಹೊಗೆಗೆ ಕಪ್ಪಾಗಿ, ಕೊಕ್ಕು ಮಾತ್ರ ಕೆಂಪಗೆ ಉಳಿದು.

“ಅದೇನ್ರಿ ಅವ್ವಾರ?” ಎಂದು ಮನೆಯ ಯಜಮಾನಿಯನ್ನು ಕೇಳಿದೆ.

“ಯಾರಿಗೆ ಗೊತ್ರಿ. ನಮ್ಮತ್ತಿ ಇದ್ದಾಗಿಂದ ಐತಿ. ಗ್ವಾಡಿಗೆ ಚಂದ ಕಾಣತೈತಿ ಅಂತ ಬಿಟ್ಟೇವಿ.”

“ನನಗ ಕೊಡ್ತೀರೇನು?”

“ಖಣಾ ತಗೋಳಾಕ ಬಂದು ಗ್ವಾಡಿ ಕೇಳ್ತೀರಲ್ರಿ!” ಎಂದು ಆಕೆ ಗಂಡನತ್ತ ನೋಡಿ ನಕ್ಕರು. “ಒಯ್ರಿ. ಬೋಳ ಕಾಣಬಾರದು, ಒಂದು ಕ್ಯಾಲೆಂಡರ್ ತಂದು ಹಾಕ್ರಿ. ಲಕ್ಷ್ಮೀದು.”

ಲಕ್ಷ್ಮಿಯ ಕ್ಯಾಲೆಂಡರನ್ನು ಆ ದಿನವೇ ಪೇಟೆಯಿಂದ ತಂದು ಅದೇ ಮೊಳೆಗೆ ಹಾಕಿ, ಪ್ಲೇಟನ್ನು ಹೊಸ ಖಣಗಳ ನಡುವೆ ಸುತ್ತಿಟ್ಟುಕೊಂಡು ಹುನಗುಂದಕ್ಕೆ ಬಂದೆ. ಅಂಚಿನಲ್ಲಿ ಒಂದು ಚೂರು ಹಾರಿತ್ತು. ಅದರಿಂದ ಹಾಡಿನ ಆರಂಭ ಹೋಗುತ್ತದೆ, ಅಂತ್ಯ ಹೋಗುವುದಿಲ್ಲ. ಪ್ಲೇಟು ಹೊರಗಿನಿಂದ ಒಳಗೆ ಓಡುವಂಥದು. ಚೀಟಿಯಲ್ಲಿ ಹಾಡುಗಾರರ ಹೆಸರಿಗೆಂದು ಬಿಟ್ಟ ಜಾಗ ಖಾಲಿಯಿತ್ತು. ಸಣ್ಣ ಛಾಪಿನವರು ಎಲ್ಲ ಪ್ಲೇಟುಗಳಿಗೂ ಒಂದೇ ಚೀಟಿ ಮುದ್ರಿಸಿ ಹೆಸರನ್ನು ಕೈಯಿಂದ ಬರೆಯುತ್ತಿದ್ದುದುಂಟು. ಇಲ್ಲಿ ಬರೆದಿದ್ದರೂ ಆ ಶಾಯಿ ಅಳಿದಿತ್ತು.

ನನ್ನಲ್ಲಿರುವುದು ವಿದ್ಯುತ್ತಿನಿಂದ ತಿರುಗುವ ಯಂತ್ರ, ವೇಗ ಹೆಚ್ಚುಕಡಿಮೆ ಮಾಡುವ ಗುಂಡಿಯಿರುವಂಥದು. ಪ್ಲೇಟನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಸೂಜಿ ಇಳಿಸಿದೆ. ಕ್ಯಾಸೆಟ್ಟಿನ ಹಾಡೇ ಅದು, ಸಂಶಯವಿಲ್ಲ. ಆದರೆ ದನಿ ಅದಲ್ಲ. ತೆಳ್ಳಗಿನ, ತುಸು ಅಂಜಿದ, ಮೇಲಿನ ಸ್ವರದಲ್ಲಿ ಮಾತ್ರ ಧೈರ್ಯ ತಂದುಕೊಳ್ಳುವ ಹೆಣ್ಣಿನ ಗಂಟಲು. ಹಾಡು ನಿಂತಿತು. ಒಂದು ಸಣ್ಣ ತೆರಪು. ಅದರಲ್ಲಿ ಯಾರೋ ಸರಿದ ಸಪ್ಪಳ. ಆಮೇಲೆ ಹತ್ತಿರದಿಂದ, ಗಟ್ಟಿಯಾಗಿ, ಬೇರೊಬ್ಬನ ದನಿಯಲ್ಲಿ ಆ ಗಂಡುಹೆಸರು.

ಪೇಟಿ ಮಾಸ್ತರರ ಗ್ರಾಮೋಫೋನಿನ ಸ್ಪ್ರಿಂಗು ಸಡಿಲಾಗಿ ಯಂತ್ರ ನಿಧಾನವಾಗಿತ್ತು. ನಿಧಾನವಾದರೆ ದನಿ ಇಳಿಯುತ್ತದೆ. ಹೆಣ್ಣು ಗಂಡಾಗುತ್ತಾಳೆ, ಗಂಡು ಗುಹೆಯೊಳಗಿಂದ ಮಾತಾಡುತ್ತಾನೆ. ಆ ಮಂಜಿನಲ್ಲಿ ಎರಡು ದನಿಗಳು ಒಂದೇ ಎನಿಸಿದ್ದವು. ನೆರೆಮನೆಯ ಭಜನೆಯ ಪೇಟಿ ತಂದು ತಾಳೆ ನೋಡಿದೆ. ಪ್ಲೇಟಿನ ಹಾರ್ಮೋನಿಯಮ್ಮು ಕರಿ ನಾಲ್ಕರ ಮನೆಯಲ್ಲಿ, ಅಂದರೆ ಪೇಟಿಯ ನಾಲ್ಕನೆಯ ಕರಿ ಪಟ್ಟಿಯ ಶ್ರುತಿಯಲ್ಲಿ, ಸರಿಯಾಗಿ ಕೂತಿತು. ಕ್ಯಾಸೆಟ್ಟಿನದು ಎರಡು ಮನೆಗಳ ನಡುವೆ ಎಲ್ಲೋ ಜೋತಾಡಿತು. ಹಳೆಯ ಪೇಟಿಗಳ ಶ್ರುತಿಯೂ ಒಂದೇ ಇರುವುದಿಲ್ಲ. ಆದ್ದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಲು ಮನಸ್ಸು ಬರಲಿಲ್ಲ. ಮಾಸ್ತರರನ್ನು ಕರೆಸಿದೆ.

ಅವರು ಬಂದರು. ಗುಂಡಿಯನ್ನು ನನ್ನ ಕೈಯಿಂದ ಕಸಿದುಕೊಂಡು, ತಾವೇ ವೇಗ ಇಳಿಸಿ ಏರಿಸಿ ಕೇಳಿದರು. ಕೊನೆಯ ಹೆಸರು ಮನುಷ್ಯನ ಮಾತಿನಂತೆ ಕೇಳಬೇಕಾದರೆ ಹಾಡು ಹೆಣ್ಣಿನದೇ ಆಗಬೇಕಿತ್ತು. ಹಾಡನ್ನು ಗಂಡಸಿನದು ಮಾಡಿದರೆ ಹೆಸರು ಕೋಣದ ಗುಟುರಾಗುತ್ತಿತ್ತು.

“ಹೆಣ್ಣಮಗಳು,” ಎಂದರು ಕಡೆಗೆ. “ನನ್ನ ವಾಕ್ಯ ಹೋತು. ಮುಂದಿನ ಮುದ್ರಣದಾಗ ತಿದ್ದತೇನಿ.”

ಆಗ ನಮಗೆ ಹೊಳೆದದ್ದು ಇದು. ಸಂಸಾರದ ಹೆಣ್ಣುಮಗಳು ಊರೂರಿಗೆ ಕೇಳಿಸುವಂತೆ ತನ್ನ ಹೆಸರು ಕೂಗುವುದು ಆ ದಿನಗಳಲ್ಲಿ ಆಗದ ಮಾತು. ಹೆಸರಿಲ್ಲದೆ ಪ್ಲೇಟು ಮುಗಿಸುವುದೂ ರೂಢಿಯಲ್ಲ. ಜೊತೆಗೆ ಹೋದ ಗಂಡಸು ಮುಂದೆ ಬಂದು ತನ್ನ ಹೆಸರು ಹೇಳಿದ್ದಾನೆ. ಮಾಸ್ತರರು ಒಪ್ಪಿದರು, ಕೂಡಲೇ ಬೆರಳೆತ್ತಿದರು.

“ಆದ್ರ ಯಾವ ಹೆಣ್ಣಮಗಳು? ಇಳಕಲ್ಲಿನ ಅವ್ವಾರಿಗೆ ಹೋಗಿ ನಿಮ್ಮ ತಾಯಿ ಅಂದೀರಿ ಮತ್ತ. ಪ್ಲೇಟ ಹಂಗ ಹೇಳೂದಿಲ್ಲ. ಹಾಡಿದ್ದು ಹೆಣ್ಣು, ಅಷ್ಟ. ನೀವ ಕಲಿಸಿದ ಸಂಶಯ ಇದು, ನಿಮಗ ತಿರುಗಿ ಕೊಡ್ತೇನಿ.”

ಅವರ ಮಾತು ಸರಿಯಾಗಿತ್ತು. ಯಂತ್ರವನ್ನು ಚಾದರಿನಲ್ಲಿ ಸುತ್ತಿಕೊಂಡು ಇಳಕಲ್ಲಿನ ಬಸ್ಸು ಹತ್ತಿದಾಗ ನನ್ನ ಜೊತೆಗಿದ್ದದ್ದು ಅರ್ಧ ಸತ್ಯ. ತಾಯಿಯ ದನಿಗಾಗಿ ಒಂದು ಆಯುಷ್ಯ ಕಾದವರಿಗೆ, ಇದು ಯಾರದೋ ಹೆಣ್ಣುದನಿ, ಎಂದು ಕೇಳಿಸುವುದು ದಯೆಯೋ ನಿರ್ದಯೆಯೋ ನನಗೆ ತಿಳಿಯಲಿಲ್ಲ.

ಯಂತ್ರವನ್ನು ಮಂಚದ ಬಲಕ್ಕೆ ಸ್ಟೂಲಿನ ಮೇಲಿಟ್ಟೆ. ಅವರ ಮಗಳು ಪಡಸಾಲೆಯ ಗಿರಾಕಿಗಳಿಗೆ ಆಮೇಲೆ ಬರಲು ಹೇಳಿ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಅಕ್ಕಾರು ಕಿವಿಯ ಯಂತ್ರ ಹಾಕಿಕೊಂಡಿದ್ದರು. ತಲೆ ತೊಳೆದು, ಹೊಸ ಸೀರೆ ಉಟ್ಟಿದ್ದರು.

“ಅಕ್ಕಾರ, ಮದಲ ಹೇಳ್ತೇನಿ. ಹಾಡಿದಾಕಿ ಹೆಣ್ಣಮಗಳು, ಅದು ಖರೆ. ನಿಮ್ಮ ತಾಯಿ ಹೌದೋ ಅಲ್ಲೋ, ನನಗ ಗೊತ್ತಿಲ್ಲ.”

“ನನಗರ ಎಲ್ಲಿ ಗೊತ್ತೈತಿ,” ಎಂದರು. “ಹಚ್ರಿ.”

ಹಾಡು ಹೊರಟಿತು. ಅವರು ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ. ತಿರುಗುವ ಪ್ಲೇಟನ್ನೇ ನೋಡುತ್ತಿದ್ದರು, ಅಪರಿಚಿತರು ಮನೆಗೆ ಬಂದಾಗ ಯಾರ ಪೈಕಿ ಇರಬಹುದೆಂದು ನೋಡುವಂತೆ. ಗುರುತು ಹತ್ತಲು ಅವರಿಗೆ ನೆನಪಿನ ಎಳೆಯೊಂದೂ ಇರಲಿಲ್ಲ. ನಡುವೆ ಒಮ್ಮೆ ಮೆಲ್ಲಗೆ, “ಛಲೋ ಐತಿ ದನಿ,” ಎಂದರು, ಮಂದಿಯ ಮನೆಯ ಕೂಸನ್ನು ಹೊಗಳಿದಂತೆ. ಹೊಸ ಸೀರೆ ಉಟ್ಟು ಕೂತವರಿಗೆ ನಾನು ಒಂದು ಅನುಮಾನವನ್ನು ಹೊತ್ತು ತಂದಿದ್ದೆ. ಅವರ ಮುಖ ನೋಡಲಾರದೆ ಸೂಜಿಯನ್ನು ನೋಡಿದೆ.

ಹಾಡು ಮುಗಿಯಿತು. ತೆರಪು ಬಂತು. ಆ ಗಂಡಸು ತನ್ನ ಹೆಸರು ಹೇಳಿದ.

ಅಕ್ಕಾರ ಬಲಗೈ ತಟ್ಟನೆ ಮೇಲೆದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಕಾಲುಗಳು ಮಂಚದಿಂದ ಕೆಳಗಿಳಿದವು. ಎದ್ದು ನಿಲ್ಲಲು ಹೊರಟಿದ್ದರು. ಮಗಳು ತೋಳು ಹಿಡಿದಳು.

“ಯಾಕಬೇ, ಏನಾತು?”

“ಮಾವಾರು,” ಎಂದರು ಅವರು, ದನಿ ತಗ್ಗಿಸಿ. “ನಿಮ್ಮಜ್ಜ. ಮಾವಾರ ದನಿ.”

ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ತರುವುದಿಲ್ಲ. ಇಷ್ಟು ದಿನದ ಮಾತಿನಲ್ಲಿ ಅವರು ಆ ಹೆಸರು ಹೇಳಿರಲಿಲ್ಲ, ಓಣಿಗೊಬ್ಬರಿಗಿರುವ ಆ ಹೆಸರನ್ನು ನಾನೂ ಕೇಳಿರಲಿಲ್ಲ. ಮಗಳು ನನ್ನತ್ತ ತಿರುಗಿ, ಹೌದು, ಅಜ್ಜನ ಹೆಸರು ಅದೇ, ಎಂದಳು. ಅವರು ಜೋಡಿಗಿಳಿಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ, ಪೇಟಿ ಬಾರಿಸುತ್ತಿದ್ದರಂತೆ.

ನನ್ನೊಳಗಿನ ಹಟಮಾರಿ ಆಗಲೂ ಸುಮ್ಮನಾಗಲಿಲ್ಲ. ಹಾಡಿದವರನ್ನು ಪ್ಲೇಟು ಹೇಳಿಲ್ಲ, ಹೆಸರು ಕೂಗಿದವರನ್ನಷ್ಟೇ ಹೇಳಿದೆ, ಬೇರೆ ಹೆಣ್ಣುಮಗಳೊಬ್ಬಳಿಗಾಗಿಯೂ ಅವರು ಮುಂದೆ ಬಂದಿರಬಹುದು ಎಂದೆ. ಹೇಳಬಾರದಿತ್ತೆಂದು ಈಗಲೂ ಅನ್ನಿಸುವುದಿಲ್ಲ.

ಅಕ್ಕಾರು ನನ್ನನ್ನು ದಿಟ್ಟಿಸಿ ನೋಡಿದರು. “ನೀವು ಅವರನ್ನ ಕಂಡಿಲ್ಲ. ನಾವು ಅಡಗಿಮನ್ಯಾಗ ಗಟ್ಟಿ ಕೆಮ್ಮಿದ್ರ ಹೊರಗಿಂದ ಬಾಗಿಲಾ ಬಡಿತಿದ್ರು. ಹೊರಗಿನ ಹೆಂಗಸಿಗೆ ತಮ್ಮ ಹೆಸರು ಕೊಡೂ ಮನಷ್ಯಾರ ಅಲ್ಲ ಅವರು. ತಂಗಿಗೆ ಕೊಟ್ಟಾರ.” ಮತ್ತೆ ತಾವೇ ತಿದ್ದಿ ಹೇಳಿದರು, “ಕೊಟ್ಟಾರ, ಇಲ್ಲಾ ಆಕೀದು ಕಸಗೊಂಡಾರ. ಎರಡೂ ಒಂದ.”

“ಮಾಸ್ತರ ಪುಸ್ತಕದಾಗ ಈಗ ಏನ್ ಬರಸ್ತೀರಿ?” ಎಂದು ಮಗಳು ಕೇಳಿದಳು.

“ಒಬ್ಬ ಹೆಣ್ಣಮಗಳು ಹಾಡ್ಯಾಳ ಅಂತ. ಹೆಸರು ತಿಳಿದಿಲ್ಲ ಅಂತ.”

“ಹಂಗ ಬರಸ್ರಿ,” ಎಂದರು ಅಕ್ಕಾರು. “ನಿಮ್ಮ ಸಂಶಯ ನಿಮ್ಮ ಕಡೆ ಇರ್ಲಿ. ನನಗ ಗೊತ್ತಾತು.”

ಗೊತ್ತಾದದ್ದು ಅವರ ಮುಖದಲ್ಲಿ ಸಂತೋಷವಾಗಿ ಮೂಡಲಿಲ್ಲ. ಅದೇ ಬಾಯಿ, ಪ್ಲೇಟಿನಲ್ಲಿ ಹೆಸರು ಹೇಳಿದ ಬಾಯಿ, ಮುಂದೆ ತಾಯಿಯಿಲ್ಲದ ಹುಡುಗಿಗೆ ನಿಮ್ಮವ್ವ ಹಾಡಾಕಿ ಅಲ್ಲ ಎಂದಿತ್ತು. ಅನ್ನ ಹಾಕಿದ್ದೂ ಅದೇ ಮನುಷ್ಯ. ಈ ಲೆಕ್ಕವನ್ನು ಅವರು ನಮ್ಮೆದುರು ಬಿಡಿಸಲಿಲ್ಲ. ನಾವೂ ಕೇಳಲಿಲ್ಲ.

ಕಡೆಗೆ ತಲೆಯ ಮೇಲಿನ ಸೆರಗನ್ನು ತಾವೇ ಹಿಂದಕ್ಕೆ ಸರಿಸಿ, ಕಿವಿಯ ಯಂತ್ರವನ್ನು ಒತ್ತಿ ಗಟ್ಟಿ ಮಾಡಿಕೊಂಡರು.

“ಇನ್ನೊಮ್ಮೆ ಹಚ್ರಿ. ಹಾಡ ಮುಗದ ಕೂಡಲೆ ಎತ್ತಿಬಿಡ್ರಿ. ಅವರು ಮಾತಾಡೂದು ಬ್ಯಾಡ.”

ಸಿಕ್ಕ ಪುರಾವೆಯಲ್ಲಿ ಒಂದಕ್ಷರವನ್ನೂ ಬಿಡಬಾರದೆಂದು ಜೀವಮಾನವಿಡೀ ವಾದಿಸಿದವನು ನಾನು. ಸೂಜಿಯನ್ನು ಅಂಚಿಗೆ ಇಳಿಸಿ, ಅದರ ಹಿಡಿಯ ಮೇಲೆ ಬೆರಳಿಟ್ಟು ಕಾದೆ. ಈ ಸಲ ಅಕ್ಕಾರು ಕಣ್ಣು ಮುಚ್ಚಿದರು. ಅಂಜಿದ ಆ ದನಿ ಮೇಲಿನ ಸ್ವರಕ್ಕೆ ಹತ್ತುವಾಗ ಅವರ ಗದ್ದವೂ ತುಸು ಮೇಲೆದ್ದಿತು. ಹಾಡಿನ ಕೊನೆಯ ಎಳೆ ಮುಗಿಯಿತು. ಪ್ಲೇಟಿನೊಳಗೆ ಯಾರೋ ಸರಿದ ಸಪ್ಪಳವಾಯಿತು. ನಾನು ಸೂಜಿಯನ್ನು ಎತ್ತಿದೆ.